ಒಂದು ದಿನದ ಮಗುವಿಗೆ ಎರಡು ವರ್ಷ

ಸಂಗ್‌ತೇಗೆ ಗಂಡುಮಗು ಹುಟ್ಟಿದ್ದು ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ. ಮರುದಿನ ಬೆಳಗ್ಗೆ ಅವನ ಅತ್ತೆ ಮಾಲ್‌ಸುನ್, ಮಗುವಿಗೆ ಎರಡು ವರ್ಷ ತುಂಬಿತೆಂದು ಇಡೀ ಆಸ್ಪತ್ರೆಗೆ ಸಾರಿಬಿಟ್ಟರು. ಕೊರಿಯಾದ ಹಳಬರ ಲೆಕ್ಕವೇ ಹಾಗೆ. ಹುಟ್ಟಿದ ಕೂಡಲೇ ಒಂದು, ಹೊಸ ವರ್ಷ ಬಂದರೆ ಇನ್ನೊಂದು. ಈಗ ಅಲ್ಲಿನ ಸರ್ಕಾರವೇ ಅದನ್ನು ಕೈಬಿಟ್ಟಿದೆ ಎಂದರೆ ಈಕೆ ಕೇಳುವವರೇ?

"ಸರ್ಕಾರ ನನ್ನ ವಯಸ್ಸು ಇಳಿಸ್ತು. ಮಂಡಿನೋವು ಇಳಿಸ್ತಾ?"

ಮಾರ್ಚ್ ಬಂತು. ಅಮೆರಿಕದ ಅಯೋವಾದಲ್ಲಿ ಸಂಗ್‌ತೇ ಓದುತ್ತಿದ್ದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಡೊರೀನ್ ಎಂಬ ನಿವೃತ್ತ ಟೀಚರು ಹೊರದೇಶದ ವಿದ್ಯಾರ್ಥಿಗಳಿಗೆ ತೆರಿಗೆ ಅರ್ಜಿ ತುಂಬಿಕೊಡುತ್ತಿದ್ದರು. ಅವಲಂಬಿತರ ಕಲಮಿನಲ್ಲಿ ಮಗನ ಹೆಸರು ಬರೆಸಿ ತೆರಿಗೆ ಇಳಿಸಿಕೊಳ್ಳಬೇಕೆಂದು ಸಂಗ್‌ತೇಗೆ ಆಸೆ. ಆದರೆ ಒಂದೇ ದಿನ ಇದ್ದ ಕೂಸನ್ನು ಇಡೀ ವರ್ಷದ ಲೆಕ್ಕಕ್ಕೆ ಸೇರಿಸಿ, ಸುಳ್ಳುಗಾರ ಎನಿಸಿಕೊಂಡು, ವೀಸಾ ಹೋದರೆ? ಪಿಎಚ್‌ಡಿ ಮುಗಿಯಲು ಇನ್ನೊಂದೇ ವರ್ಷವಿತ್ತು. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಒಬ್ಬನೇ ಹೋಗಿ ಮೆಲ್ಲಗೆ ಕೇಳಿಬರೋಣವೆಂದರೆ ಅತ್ತೆ ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆಯೇ ಹೊರಟರು.

"ಅತ್ತೆ, ಅಲ್ಲಿ ನೀವು ಬಾಯಿ ತೆಗೀಬೇಡಿ."

"ನಂಗೆ ಇಂಗ್ಲಿಷ್ ಎಲ್ಲಿ ಬರುತ್ತೆ ಅಳಿಯಂದ್ರೇ?"

ಬಾಯೇನೋ ತೆಗೆಯಲಿಲ್ಲ. ಡೊರೀನ್ ಮಗುವಿನ ಕಡೆ ನೋಡಿ ವಯಸ್ಸೆಷ್ಟೆಂದು ಕೇಳಿದ್ದೇ ತಡ, ಎರಡು ಬೆರಳು ಎತ್ತಿ ತೋರಿಸಿದರು.

ಡೊರೀನ್ ಬೆರಳು ನೋಡಿದರು, ಜನನಪತ್ರ ನೋಡಿದರು, ಕನ್ನಡಕ ಸರಿಮಾಡಿಕೊಂಡು ಸಂಗ್‌ತೇಯನ್ನು ನೋಡಿದರು. ಅವನು ಅತ್ತೆಯ ಕೈ ಹಿಡಿದು ಕೆಳಗಿಳಿಸಿದ.

"ಹೋದ ವರ್ಷ ಮಗು ನಿಮ್ಮ ಜೊತೆ ಎಷ್ಟು ದಿನ ಇತ್ತು?"

"ಒಂದು... ಒಂದೇ ದಿನ."

ಅತ್ತೆ ಅವನ ಪಕ್ಕೆಗೆ ತಿವಿದರು. "ಏನಂತೆ?" ಅವನು ಪ್ರಶ್ನೆ, ಉತ್ತರ ಎರಡನ್ನೂ ಕೊರಿಯನ್‌ನಲ್ಲಿ ಹೇಳಿದ. ತಗೋ, ಶುರುವಾಯಿತು.

"ಒಂದು ದಿನವಂತೆ, ಒಂದು ದಿನ! ಹತ್ತು ತಿಂಗಳು ನನ್ನ ಮಗಳ ಹೊಟ್ಟೇಲಿ ಕೂತಿದ್ದೋನು ಯಾರು, ಬಾಡಿಗೆಯವ್ನಾ? ಇಡೀ ವರ್ಷ ನಮ್ಮನೇಲೇ ಇದ್ದ ಅಂತ ಹೇಳಿ ಅವ್ರಿಗೆ!"

ಇದನ್ನು ಅನುವಾದಿಸುವ ಧೈರ್ಯ ಸಂಗ್‌ತೇಗಿರಲಿಲ್ಲ. ಅಗತ್ಯವೂ ಬೀಳಲಿಲ್ಲ, ಅತ್ತೆ ತಾವೇ ಎದ್ದು ನಿಂತು, ದೊಡ್ಡ ಹೊಟ್ಟೆ ಹೊತ್ತವರಂತೆ ಮೇಜಿನ ಸುತ್ತ ನಡೆದು ತೋರಿಸಿದರು. ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಡೊರೀನ್ ನಿಯಮದ ಪುಸ್ತಕ ತಿರುವಿ ನಕ್ಕುಬಿಟ್ಟರು.

"ಅಮ್ಮ ತೋರಿಸಿದ್ದೇ ಸರಿ ಕಣ್ರೀ. ವರ್ಷದ ಕೊನೇ ದಿನ ಹುಟ್ಟಿದ್ರೂ ವರ್ಷಪೂರ್ತಿ ಜೊತೆಲಿದ್ದ ಹಾಗೇ ಲೆಕ್ಕ. ಹೆಸರು ಹೇಳಿ, ಬರೀತೀನಿ."

ಹೋದ ಜೀವ ಬಂದಂತಾಗಿ ಸಂಗ್‌ತೇ ಕುರ್ಚಿಗೆ ಒರಗಿದ. ವಿಷಯ ತಿಳಿದ ಅತ್ತೆ, "ಪರವಾಗಿಲ್ಲ, ಅಮೆರಿಕಕ್ಕೂ ಬುದ್ಧಿ ಇದೆ" ಎಂದು ಸರ್ಟಿಫಿಕೇಟ್ ಕೊಟ್ಟರು.

"ಅಮ್ಮನೂ ನಿಮ್ಮ ಅವಲಂಬಿತರಾ?" ಡೊರೀನ್ ಕೇಳಿದರು.

ಸಂಗ್‌ತೇ ಬುದ್ಧಿಗೇಡಿ, ಅದನ್ನೂ ಅನುವಾದಿಸಿದ. ಅತ್ತೆಯ ಮುಖ ಮೆಣಸಿನಕಾಯಿಯಾಯಿತು.

"ನಾನಾ? ಮೂರು ತಿಂಗಳಿಂದ ಮನೇಲಿ ಒಲೆ ಮುಂದೆ ನಿಂತಿರೋರು ಯಾರು? ಬಾಣಂತಿಗೆ ಅಂತ ಕಡಲಸೊಪ್ಪಿನ ಸಾರು ಮಾಡಿದ್ರೆ, ತಾವೇ ಹೆತ್ತೋರಂಗೆ ಮೂರು ಬಟ್ಟಲು ಕುಡಿಯೋರು ಯಾರು ಅಳಿಯಂದ್ರೇ?"

ಡೊರೀನ್ ಪೆನ್ನು ಹಿಡಿದೇ ಕೂತಿದ್ದರು. "ಏನಂತಾರೆ?"

ಬೆಳಗ್ಗಿನಿಂದ ಸುಳ್ಳಿಗೆ ಹೆದರಿದ್ದವನು ಈಗ ಸುಳ್ಳು ಹೇಳುವುದುಂಟೇ? ಸಂಗ್‌ತೇ ತಲೆ ತಗ್ಗಿಸಿದ.

"ಅವ್ರಲ್ಲ ಮೇಡಂ. ನಾವು ಮೂವರೂ ಅವ್ರ ಅವಲಂಬಿತರು."