ಬೇಲಿ ಮೇಯ್ದ ಮೂಳೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹದಿನಾರು ವರ್ಷದಿಂದ ರೋಗಿಗಳ ಕಾಗದಗಳನ್ನು ಫೈಲಿಗೆ ಹೊಲಿಯುತ್ತಿದ್ದವಳನ್ನು ಎಲ್ಲರೂ ದಾರದಕ್ಕ ಎನ್ನುತ್ತಿದ್ದರು. ದೇವರು ಬಿಸಿಲನ್ನು ಯಾರಿಗೂ ಅಳೆದು ಕೊಟ್ಟವನಲ್ಲ. ಕಿಟಕಿ ಇಡುವ ಕೆಲಸವೊಂದನ್ನು ಮನುಷ್ಯರಿಗೆ ಬಿಟ್ಟಿದ್ದ; ಆ ಕೋಣೆಗೆ ಅವರು ಇಡಲಿಲ್ಲ.

ಮೂರು ವರ್ಷದಿಂದ ಅವಳ ಸೊಂಟ, ತೊಡೆ, ಪಕ್ಕೆಲುಬು ಒಳಗಿಂದೊಳಗೇ ನೋಯುತ್ತಿದ್ದವು. ಮನೆಯಲ್ಲಿ ನಾದಿನಿ, "ಅತ್ತಿಗೆ ನೋವಿಗೆ ಗಡಿಯಾರ ಕಟ್ಟಿದೆ ಕಣ್ರೀ, ಪಾತ್ರೆ ತೊಳೆಯೋ ಹೊತ್ತಿಗೆ ಸರಿಯಾಗಿ ಬರತ್ತೆ" ಎಂದು ನಗುತ್ತಿದ್ದಳು. ಆಸ್ಪತ್ರೆಯ ದೊಡ್ಡ ಡಾಕ್ಟರು ವರ್ಷಕ್ಕೊಮ್ಮೆ ಅವಳ ರಕ್ತಪರೀಕ್ಷೆಯ ಚೀಟಿ ನೋಡಿ, "ಕ್ಯಾಲ್ಸಿಯಂ ತುಂಬಿ ತುಳುಕ್ತಿದೆ. ಮೂಳೆಗೇನಮ್ಮ ದಾಡಿ? ಮನಸ್ಸು ಗಟ್ಟಿ ಮಾಡ್ಕೋ" ಎಂದು ಕಳಿಸುತ್ತಿದ್ದರು. ಓದಿದವರ ಮಾತು ದೇವರ ಮಾತೆಂದು ಕೇಳುತ್ತ ಬೆಳೆದವಳು, ನಂಬಿದಳು.

ಮೊನ್ನೆ ಫೈಲಿನ ಕಟ್ಟೊಂದನ್ನು ಎತ್ತುವಾಗ ಬಲಗೈ ಒಣಕಡ್ಡಿಯಂತೆ ಲಟಕ್ಕನೆ ಮುರಿಯಿತು.

ಪ್ಲಾಸ್ಟರ್ ಹಾಕಿದ ಡಾಕ್ಟರಮ್ಮ ಹೊಸಬಳು. ಇನ್ನೆರಡು ಪರೀಕ್ಷೆ ಮಾಡಿಸಿ ಹೇಳಿದಳು: "ಅಕ್ಕಾ, ಕುತ್ತಿಗೆಯಲ್ಲಿ ಕಾಳಿನಷ್ಟು ಚಿಕ್ಕ ಗ್ರಂಥಿಗಳಿರ್ತವೆ, ಪ್ಯಾರಾಥೈರಾಯ್ಡ್ ಅಂತ. ಕ್ಯಾಲ್ಸಿಯಂ ಕಾಯೋದು ಅವುಗಳ ಕೆಲಸ. ನಿಮಗೆ ಅದ್ರಲ್ಲೊಂದು ಊದ್ಕೊಂಡು, ಮೂಳೆಯಿಂದ ಕಿತ್ತು ಕಿತ್ತು ರಕ್ತಕ್ಕೆ ಸುರೀತಿದೆ. ಬಿಸಿಲು ಕಾಣದೆ ವಿಟಮಿನ್ ಡಿ ಬೇರೆ ತಳ ಮುಟ್ಟಿದೆ. ಅದು ಕಮ್ಮಿ ಆದಷ್ಟೂ ಈ ಗ್ರಂಥಿಗೆ ಸೊಕ್ಕು ಜಾಸ್ತಿ."

"ಅಂದ್ರೆ ಬೇಲಿನೇ ಎದ್ದು ಹೊಲ ಮೇಯ್ದಿದೆ ಅನ್ನಿ."

"ಹೂಂ. ವಿಟಮಿನ್ ಹುಷಾರಾಗಿ ತುಂಬಿಸಿ ಆ ಗ್ರಂಥಿ ತೆಗೀಬೇಕು. ತಡವಾದ್ರೆ ನಾಳೆ ಸೊಂಟವೂ ಮುರೀಬಹುದು. ಆದ್ರೆ ಆಪರೇಷನ್ ಚೀಟಿಗೆ ದೊಡ್ಡ ಡಾಕ್ಟರ ಸಹಿ ಬೇಕು. ಅವರು 'ಮುಂದಿನ ವರ್ಷ ನೋಡೋಣ' ಅಂದ್ಬಿಟ್ರು."

ದಾರದಕ್ಕ ನೆಲಮಾಳಿಗೆಗೆ ಇಳಿದು ತನ್ನ ಫೈಲು ತೆಗೆದಳು. ಅದನ್ನು ಹೊಲಿದವಳು ಅವಳೇ. ರೋಗಿಯ ಕಾಗದ ಓದಬಾರದೆಂಬ ನಿಯಮವನ್ನು ವ್ರತದಂತೆ ಪಾಲಿಸಿದವಳು, ತನ್ನದನ್ನೂ ಓದಿರಲಿಲ್ಲ. ಈಗ ಓದಿದಳು. ಮೂರು ವರ್ಷದ ಮೂರು ಚೀಟಿ. ಮೂರರಲ್ಲೂ ಕೆಂಪು ಗೆರೆ; ಕೆಳಗೆ ಲ್ಯಾಬಿನವರ ಬರಹ: 'ಪ್ಯಾರಾಥೈರಾಯ್ಡ್ ಪರೀಕ್ಷಿಸಿ.' ಅದರ ಕೆಳಗೆ, 'ನೋಡಿದೆ' ಎಂದು ದೊಡ್ಡ ಡಾಕ್ಟರ ಸಹಿ.

ಅವಳು ಫೈಲು ಮುಚ್ಚಿದಳು. ಪ್ಲಾಸ್ಟರಿನ ಕೈಗೆ ಫೈಲು ಆನಿಸಿಕೊಂಡು, ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚುತ್ತ ಮೂರು ಮಹಡಿ ಹತ್ತಿ, ಕೇಳದೆ ಬಾಗಿಲು ನೂಕಿದಳು.

ದೊಡ್ಡ ಡಾಕ್ಟರು ಚೀಟಿಗಳನ್ನು ನೋಡಿ ಕನ್ನಡಕ ಒರೆಸಿಕೊಂಡರು. "ಏನೋ ಒಂದು ಕಣ್ತಪ್ಪು..."

"ಒಂದಲ್ಲ ಸ್ವಾಮಿ, ಮೂರು. ಹೊಲಿದವಳಿಗೆ ಲೆಕ್ಕ ಗೊತ್ತಿಲ್ವಾ? ನನ್ನ ಮನಸ್ಸು ಗಟ್ಟಿಯಾಗೇ ಇತ್ತು. ಮೂಳೆ ಪುಡಿಯಾಗ್ತಿತ್ತು!"

"ಕೂಗಬೇಡಮ್ಮ. ಫೈಲು ಇಲ್ಲಿಟ್ಟು ಹೋಗು."

"ಇಟ್ಟು ಹೋಗೋಕೆ ಇದೇನು ನಿಮ್ಮ ಕೊಡೆನಾ? ನನ್ನ ಮೈ ಇದು. ಇಗೋ ಆಪರೇಷನ್ ಚೀಟಿ, ಸಹಿ ಹಾಕಿ. ತಾರೀಖು ಈ ತಿಂಗಳದ್ದೇ ಇರಲಿ."

ಹೊರಗೆ ಕಾಯುತ್ತಿದ್ದ ರೋಗಿಗಳು ಬಾಗಿಲಲ್ಲಿ ಗುಂಪುಗೂಡಿದ್ದರು. ಡಾಕ್ಟರು ಅವರನ್ನೊಮ್ಮೆ ನೋಡಿದರು, ಸಹಿ ಹಾಕಿದರು.

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ದಬ್ಬಳ, ದಾರ ತೆಗೆದು ಮೇಜಿನ ಮೇಲಿಟ್ಟಳು.

"ಈ ಚೀಟಿ ಬಿಡಿಯಾಗಿದ್ರೆ ಕಳೆದುಹೋಗತ್ತೆ. ನನ್ನ ಕೈ ಮುರಿದಿದೆ, ನೀವೇ ಹೊಲೀರಿ. ಆ ಮೂರು ಚೀಟಿ ಮೇಲೇ."

ಅವರು ದಬ್ಬಳಕ್ಕೆ ದಾರ ಪೋಣಿಸಿ, ಹೊಲಿದು ಗಂಟು ಹಾಕಿದರು. ದಾರದಕ್ಕ ಎಡಗೈಯಿಂದ ಎಳೆದು ನೋಡಿದಳು.

"ಸಡಿಲ ಇದೆ. ಇನ್ನೊಂದು ಹಾಕಿ."