ಹಳ್ಳದಾಚೆಯ ಒಂಟಿ ಕೊರಳು

ಕಾರ್ತಿಕದ ಸಂಜೆ ನಿಡುಗಲ್ಲು ಬೆಟ್ಟದ ಮೇಲೆ ಇಳಿಯುವ ಬಗೆಯನ್ನು, ಸಹೃದಯರೇ, ಒಮ್ಮೆಯಾದರೂ ಬಂದು ನೋಡಬೇಕು! ಪಾಳುಬಿದ್ದ ಕೋಟೆಯ ಬುರುಜುಗಳಿಂದ ಹೊಂಬಿಸಿಲು ಮೆಲ್ಲಮೆಲ್ಲನೆ ಜಾರಿ, ಸೀತಾಫಲದ ಪೊದೆಗಳನ್ನು ಸವರಿ, ಕಡಲೇಕಾಯಿ ಕಿತ್ತು ಬರಿದಾದ ಹೊಲಗಳ ಕೆಮ್ಮಣ್ಣನ್ನು ಇನ್ನಷ್ಟು ಕೆಂಪಾಗಿಸಿ, ದೂರದ ಸೋಲಾರ್ ಫಲಕಗಳ ಮೇಲೆ ಕ್ಷಣಕಾಲ ಮಿನುಗಿ, ಕೊನೆಗೆ ತುಂಬಿದ ಕೆರೆಯ ನೀರಿನಲ್ಲಿ ಕರಗಿಹೋಗುತ್ತದೆ... ಹಸುರು ಕಾಡನ್ನಷ್ಟೇ ಸೌಂದರ್ಯವೆಂದು ಬಗೆದವರು ಬಯಲುಸೀಮೆಯ ಈ ಸಂಧ್ಯಾರಾಗವನ್ನು ಕಂಡಿಲ್ಲ, ಅಷ್ಟೇ. ಅವರ ಮೇಲೆ ನನಗೆ ಕೋಪವಿಲ್ಲ, ಮರುಕವಿದೆ.

ಇಂಥ ಹೊತ್ತಿನಲ್ಲಿ ಬೆಟ್ಟದ ಬುಡದ ಹಾಸುಬಂಡೆಯ ಮೇಲೆ ನಿಂತು, ಎರಡು ಅಂಗೈಗಳನ್ನು ಬಾಯಿಗೆ ಬೊಗಸೆಯಾಗಿಸಿ, ಶಿವಲಕ್ಷ್ಮಿ ತೋಳದಂತೆ ಊಳಿಡುತ್ತಿದ್ದಳು.

ನಗಬೇಡಿ! ಅದು ಅವಳ ಉದ್ಯೋಗ. ಕುರಿ ಸಾಕುವ ಮನೆತನದಲ್ಲಿ ಹುಟ್ಟಿ, ಓದಿ, ವನ್ಯಜೀವಿಗಳ ಅಧ್ಯಯನವನ್ನೇ ಬದುಕಾಗಿಸಿಕೊಂಡು ಹುಟ್ಟೂರಿಗೇ ಮರಳಿದ್ದ ಈ ಹೆಣ್ಣು, ಕಣ್ಣಿಗೆ ಬೀಳದ ತೋಳಗಳನ್ನು ಕಿವಿಯಿಂದ ಹುಡುಕುತ್ತಿದ್ದಳು. ಮನುಷ್ಯ ತೋಳದಂತೆ ಕೂಗಿದರೆ ನಿಜವಾದ ತೋಳಗಳು ಓಗೊಡುತ್ತವೆ. ಬಂದ ದನಿಗಳನ್ನು ಬಿಡಿಸಿ ಕೇಳಿದರೆ ಯಾವ ಹಿಂಡು ಎಲ್ಲಿದೆ, ಯಾವ ಕೊರಳು ಹೊಸದು, ಯಾವುದು ಮೌನವಾಯಿತು ಎಂದು ತಿಳಿಯುತ್ತದೆ. ಮಧುಗಿರಿಯ ಕಚೇರಿಯಲ್ಲಿ ಕೂತು ಈ ಅಧ್ಯಯನವನ್ನು ನಡೆಸುತ್ತಿದ್ದ ಗಗನಾ, ಶಿವಲಕ್ಷ್ಮಿಯ ಕಿವಿಯನ್ನು ಕಣ್ಣುಮುಚ್ಚಿ ನಂಬುತ್ತಿದ್ದಳು.

ಆ ಸೀಮೆಯಲ್ಲಿ ಎರಡು ತೋಳದ ಕುಟುಂಬಗಳಿದ್ದವು. ಕೋಟೆಯ ಕೆಳಗಿನ ಕಲ್ಲುಗುಹೆಗಳಲ್ಲಿ ಬೆಟ್ಟದ ಹಿಂಡು. ಆಗಿನ್ನೂ ಒಣಗಿದ್ದ ಕೆರೆಯಂಗಳದ ಜಾಲಿಯ ನಡುವೆ ಕೆರೆಯ ಹಿಂಡು. ನಡುವೆ ಒಂದು ಹಳ್ಳ. ಆ ಹಳ್ಳವೇ ಗಡಿ, ಅದಕ್ಕಾಗಿಯೇ ಜಗಳ! ದಾಯಾದಿಗಳ ಹಾಗೆ ಅವು ದಡದ ಕಲ್ಲುಗಳ ಮೇಲೆ ಗುರುತು ಹಾಕುತ್ತಿದ್ದವು, ಹಲ್ಲು ಮಸೆಯುತ್ತಿದ್ದವು. ಶಿವಲಕ್ಷ್ಮಿ ಬೆಟ್ಟದ ಹಿಂಡಿನ ಕಡೆಯವಳು. ಕೆರೆಯ ಹಿಂಡಿನ ಬೆನ್ನು ಹತ್ತಿದ್ದವನು ಅದೇ ಅಧ್ಯಯನದ ಸಹೋದ್ಯೋಗಿ ಪ್ರಭುದೇವ್: ಶಿರಾದ ಕಡಲೇಕಾಯಿ ಮಂಡಿಯ ಮನೆಯ ಮಗ, ಮಿತಭಾಷಿ, ನಕ್ಕರೆ ಮಾತ್ರ ಮುಖವೆಲ್ಲ ಬೆಳಗುವವನು. ವರ್ಷಗಟ್ಟಲೆ ಇಬ್ಬರೂ ಒಂದೇ ಪೊದೆಯ ಮರೆಯಲ್ಲಿ ಮಲಗಿ, ಒಂದೇ ಬುತ್ತಿಯ ರೊಟ್ಟಿ ಹಂಚಿಕೊಂಡು, "ನಿಮ್ಮ ಹಿಂಡು", "ನಮ್ಮ ಹಿಂಡು" ಎಂದು ಪಿಸುದನಿಯಲ್ಲಿ ಕಾಲೆಳೆಯುತ್ತ ಕಳೆದಿದ್ದರು. ಆ ಸಲುಗೆಗೆ ಬೇರೊಂದು ಹೆಸರಿರಬಹುದೆಂದು ಇಬ್ಬರ ಎದೆಗೂ ಗೊತ್ತಿತ್ತು. ಬಾಯಿ ಮಾತ್ರ ತೋಳಗಳ ಸುದ್ದಿಯನ್ನೇ ಆಡುತ್ತಿತ್ತು.

ಕಳೆದ ಚೈತ್ರದಲ್ಲಿ ಅದೂ ಮುರಿದುಬಿತ್ತು.

ಒಂದು ಮುಂಜಾನೆ ಕೆರೆಯ ಹಿಂಡು ಹಳ್ಳ ದಾಟಿ ಬಂತು. ಬೆಟ್ಟದ ಹಿಂಡಿನ ಮುದಿ ತಾಯಿ, ಶಿವಲಕ್ಷ್ಮಿ ಪ್ರೀತಿಯಿಂದ 'ಅವ್ವ' ಎಂದು ಕರೆಯುತ್ತಿದ್ದ ತೋಳ, ಮರಿಗಳಿದ್ದ ಗುಹೆಯ ಬಾಯಿಗೆ ಅಡ್ಡ ನಿಂತು ಕಾದಾಡಿ ಸತ್ತಿತು. ಮರಿಗಳು ಉಳಿದವು. ಪೊದೆಯ ಮರೆಯಲ್ಲಿ ಶಿವಲಕ್ಷ್ಮಿಯ ಕಣ್ಣು ತುಂಬಿ ಎದುರಿನದೇನೂ ಕಾಣದಾಗಿದ್ದಾಗ, ಪಕ್ಕದಲ್ಲಿದ್ದ ಪ್ರಭುದೇವ್ ದುರ್ಬೀನಿನಿಂದ ಕಣ್ಣು ತೆಗೆಯದೆ, ಹಿಗ್ಗಿನಿಂದ, "ಗೆದ್ದವು ನೋಡಿ, ನಮ್ಮವು" ಎಂದುಬಿಟ್ಟ. ಅವಳು ಎದ್ದು ನಿಂತಳು.

"ಇನ್ಮೇಲೆ ನನ್ನನ್ನ ಮಾತಾಡಿಸಬೇಡಿ."

ಅವನು ಮಾತಾಡಿಸಲಿಲ್ಲ. ಗಗನಾ ಹಳ್ಳದ ಈಚೆ ದಡವನ್ನು ಇವಳಿಗೂ ಆಚೆ ದಡವನ್ನು ಅವನಿಗೂ ಹಂಚಿಕೊಟ್ಟಳು. ಅದೇ ವರ್ಷ ಮಳೆ ಮನಸಾರೆ ಸುರಿದು, ಹತ್ತಾರು ವರ್ಷ ಬಾಯಿ ತೆರೆದುಕೊಂಡಿದ್ದ ಕೆರೆ ತುಂಬಿತು. ಊರೆಲ್ಲ ಕೋಡಿ ನೋಡಲು ಓಡಿತು, ಹೆಂಗಸರು ಬಾಗಿನ ಬಿಟ್ಟರು. ಆದರೆ ನೆಲೆ ಮುಳುಗಿದ ಕೆರೆಯ ಹಿಂಡು ಆಂಧ್ರದ ಗುಡ್ಡಗಳತ್ತ ಹೊರಟುಹೋಯಿತು. ಹಿಂಬಾಲಿಸಲು ತೋಳಗಳೇ ಇಲ್ಲವೆಂದ ಮೇಲೆ ಪ್ರಭುದೇವನನ್ನು ಕಚೇರಿ ಕೆಲಸಕ್ಕೆ ಹಾಕಿಕೊಂಡೆನೆಂದು ಗಗನಾ ಫೋನಿನಲ್ಲಿ ತಿಳಿಸಿದಳು. ಶಿವಲಕ್ಷ್ಮಿ "ಸರಿ ಮೇಡಂ" ಎಂದಳು. ಆ 'ಸರಿ'ಯಲ್ಲಿ ಎಷ್ಟು ಸರಿಯಿತ್ತೋ, ಓದುಗರೇ, ನೀವೇ ಊಹಿಸಿಕೊಳ್ಳಿ...

ಹಾಗಿರಲು ಒಂದು ಸಂಜೆ ಅವಳ ಕೂಗಿಗೆ ಹಳ್ಳದಾಚೆಯ ಬರಿದಾದ ಬಯಲಿನಿಂದ ಒಂದು ಕೊರಳು ಓಗೊಟ್ಟಿತು. ಒಂದೇ ಒಂದು. ಗಂಡು ದನಿ, ಗಂಭೀರ, ತುದಿಯಲ್ಲಿ ತುಸು ನಡುಗುವಂಥದು. ಹಿಂಡು ಬಿಟ್ಟುಹೋದ ಒಂಟಿ ಗಂಡು! ಮಾರನೆಯ ಸಂಜೆಯೂ ಕೂಗಿತು, ಅದರ ಮಾರನೆಯ ಸಂಜೆಯೂ. ವಾರಗಳು ಉರುಳಿದರೂ ಅದು ಕೂಗುವುದನ್ನು ಬಿಡಲಿಲ್ಲ. ಎಣಿಸುವುದಕ್ಕೆಂದು ಕೂಗುತ್ತಿದ್ದವಳು ಈಗ ಅದಕ್ಕೆ ಒಂಟಿತನ ಕಾಡದಿರಲೆಂದು ಕೂಗತೊಡಗಿದಳು. ಮನಸ್ಸು ಒದ್ದೆಯಾದ ದಿನ ಅವಳ ಊಳು ದೀರ್ಘವಾಗುತ್ತಿತ್ತು, ಆಚೆಯದೂ ದೀರ್ಘವಾಗುತ್ತಿತ್ತು. ಯಾರೋ ತನ್ನನ್ನು ಪೂರ್ತಿ ಕೇಳಿಸಿಕೊಂಡರೆಂಬ ನೆಮ್ಮದಿಯಿಂದ ಅವಳು ಮನೆಗೆ ಹೋಗುತ್ತಿದ್ದಳು.

ಅಂಗಳದಲ್ಲಿ ಕಡಲೇಕಾಯಿ ಬಿಡಿಸುತ್ತ ಕೂತ ಅಜ್ಜಿ ರಂಗಕ್ಕನಿಗೆ ಮೊಮ್ಮಗಳ ಮುಖದ ಕಳೆ ಕಾಣದಿರುತ್ತದೆಯೇ?

"ಏನಮ್ಮ, ದಿನಾ ಆ ತೋಳನ್ ಜೊತೆ ಅದೇನ್ ಮಾತು ನಿಂದು? ಹೆಂಗಿದ್ರೂ ಅದು ತಾಳಿ ಕಟ್ಟಾಕೆ ಬರಾಕಿಲ್ಲ ಕಣಮ್ಮ."

"ಸುಮ್ಕಿರಜ್ಜಿ. ಪಾಪ, ಒಂದೇ ಐತೆ ಅದು."

"ನೀನೂ ಒಂದೇ ಇದ್ದೀಯ. ನಿಂಗ್ಯಾರು ಪಾಪ ಅಂತಾರೆ?"

ಶಿವಲಕ್ಷ್ಮಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಕಾರ್ತಿಕ ಮುಗಿಯುತ್ತ ಬಂದಿರುವಾಗ ಗಗನಾಳ ಫೋನು ಬಂತು. ಪ್ರಭುದೇವ್ ನಾಳೆ ಬೆಳಗ್ಗೆ ಕೊಪ್ಪಳದ ಕಡೆ ಹೊರಡುತ್ತಾನೆ, ಅಲ್ಲಿನ ತೋಳಗಳ ಕೆಲಸಕ್ಕೆ. ಇನ್ನು ಈ ಕಡೆ ಬರುವುದಿಲ್ಲ. ಹೇಳುವುದೇನಾದರೂ ಇದ್ದರೆ ಇವತ್ತೇ ಹೇಳಿಬಿಡು ಎಂದಳು ಗಗನಾ.

ಹೇಳುವುದೇ? ಹೇಳುವುದು ಬೆಟ್ಟದಷ್ಟಿತ್ತು! ಅವನ ಹೆಸರನ್ನು ಫೋನಿನಲ್ಲಿ ತೆಗೆದು ನೋಡಿದಳು, ಮುಚ್ಚಿದಳು, ಮತ್ತೆ ತೆಗೆದಳು. ಮಾತಾಡಿಸಬೇಡಿ ಎಂದವಳು ತಾನೇ ಮಾತಾಡಿಸುವುದು ಹೇಗೆ? ಅಭಿಮಾನವೆಂಬುದು ಗಂಟಲಿಗೆ ಅಡ್ಡ ಸಿಕ್ಕ ಮೀನುಮುಳ್ಳಿನಂತೆ. ನುಂಗಲೂ ಆಗದು, ಉಗುಳಲೂ ಆಗದು. ಸಂಜೆಯಾಗುತ್ತಲೇ ಅವಳು ಎದ್ದು ಹಾಸುಬಂಡೆಗೆ ನಡೆದಳು.

ಅಂದು ಅವಳ ಕೊರಳಿನಿಂದ ಹೊರಟದ್ದು ಎಣಿಕೆಯ ಕೂಗಲ್ಲ. ತಾನು ಕಳೆದುಕೊಳ್ಳಲಿರುವುದು ಯಾರನ್ನೆಂದು ಚೆನ್ನಾಗಿ ತಿಳಿದ ಹೆಣ್ಣಿನ ಆರ್ತನಾದ ಅದು. ಏರಿ, ತೇಲಿ, ನಡುವಿನಲ್ಲೇ ಒಡೆದುಹೋಯಿತು. ಕ್ಷಣಕಾಲ ಬಯಲೆಲ್ಲ ನಿಶ್ಶಬ್ದ... ಆಮೇಲೆ ಹಳ್ಳದಾಚೆಯಿಂದ ಆ ಒಂಟಿ ಕೊರಳು ಎದ್ದಿತು. ಎಂದಿಗಿಂತ ಆರ್ದ್ರವಾಗಿ ಎದ್ದಿತು, ಎಂದಿಗಿಂತ ಮೇಲೇರಿತು, ಅಲ್ಲಿ ಬಿರುಕುಬಿಟ್ಟಿತು, ಮತ್ತು ಕೆಮ್ಮಿತು.

ತೋಳ ಹೀಗೆ ಕೆಮ್ಮುವುದಿಲ್ಲ. ಮಂಡಿಯ ಧೂಳು ಕುಡಿದು ಬೆಳೆದ ಶಿರಾದ ಹುಡುಗ ಹೀಗೆ ಕೆಮ್ಮುತ್ತಾನೆ. ಪೊದೆಯ ಮರೆಯಲ್ಲಿ ತೋಳಗಳಿಗೆ ಕೇಳಿಸದಿರಲೆಂದು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅವನು ಕೆಮ್ಮುತ್ತಿದ್ದಾಗ ನೀರಿನ ಬಾಟಲಿ ಚಾಚುತ್ತಿದ್ದವಳು ಇವಳೇ. ಇಡೀ ಜಿಲ್ಲೆಯ ತೋಳದ ದನಿಗಳನ್ನು ಬಿಡಿಸಿ ಹೇಳಬಲ್ಲ ಕಿವಿ ಇಷ್ಟು ದಿನ ಒಬ್ಬ ಮನುಷ್ಯನನ್ನು ತೋಳವೆಂದು ನಂಬಿತ್ತು! ಅವಳು ಬಂಡೆಯಿಂದ ಇಳಿದಳು. ಚೈತ್ರದಿಂದ ಕಾಲಿಡದ ಹಳ್ಳದ ಮರಳಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದು, ಮೊಣಕಾಲು ನೀರಿನಲ್ಲಿ ಹಾದು, ಆಚೆ ದಡ ಹತ್ತಿದಳು.

ಜಾಲಿ ಮರದ ಕೆಳಗೆ, ಬೈಕಿಗೆ ಒರಗಿ, ಗಂಟಲು ಹಿಡಿದುಕೊಂಡು ಪ್ರಭುದೇವ್ ನಿಂತಿದ್ದ.

"ಮಧುಗಿರಿಯಿಂದ ದಿನಾ ಬರ್ತಿದ್ರಾ?" ಎಂದಳು. ದನಿ ಗಟ್ಟಿಯಾಗಿರಲೆಂದು ಬಹಳ ಪ್ರಯತ್ನಪಟ್ಟಳು.

"ಕಚೇರಿ ಮುಗಿಸ್ಕೊಂಡು."

"ಕೂಗ್ತಿರೋದು ನಾನು ಅಂತ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ."

"ಹೇಳಬಾರದಾಗಿತ್ತಾ?"

"ಮಾತಾಡಿಸಬೇಡಿ ಅಂದಿದ್ರಿ. ಮಾತಾಡಿಸಲಿಲ್ಲ." ಅವನು ತಲೆ ತಗ್ಗಿಸಿದ. "ಅವತ್ತು ಅವ್ವ ಸತ್ತಾಗ ನಾನು ನಿಮ್ಮ ಮುಖ ನೋಡಬೇಕಿತ್ತು, ಶಿವಲಕ್ಷ್ಮಿ. ಹಿಂಡನ್ನ ನೋಡಿದೆ. ಕ್ಷಮಿಸಿ ಅನ್ನೋಕೆ ಬಾಯಿ ಬರಲಿಲ್ಲ, ಅದಕ್ಕೇ ಹೀಗೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಸಿಟ್ಟಾಗಬೇಕೆಂದು ಹುಡುಕಿದಳು, ಎಲ್ಲೂ ಸಿಗಲಿಲ್ಲ.

"ಒಂಟಿ ಗಂಡು ತೋಳ ಒಂದಿದೆ ಅಂತ ಗಗನಾ ಮೇಡಂಗೆ ಹೇಳಿಬಿಟ್ಟಿದ್ದೀನಿ" ಎಂದಳು. "ಅಷ್ಟೇ ಅಲ್ಲ. ಅದಕ್ಕೊಂದು ಹೆಣ್ಣು ಸಿಗಲಿ ಅಂತ ಬೆಟ್ಟದ ಶಿವನಿಗೆ ಹರಕೆನೂ ಹೊತ್ಕೊಂಡಿದ್ದೀನಿ."

ಹೇಳಿ ಮುಗಿಸಿದ ಮೇಲೆಯೇ ತಾನು ಹೇಳಿದ್ದೇನೆಂದು ಅವಳಿಗೆ ಹೊಳೆದದ್ದು. ಕಿವಿಯವರೆಗೂ ಕೆಂಪಾದಳು. ಪ್ರಭುದೇವ್ ನಗಲಿಲ್ಲ. ಅವಳನ್ನೇ ನೋಡುತ್ತ ಮೆಲ್ಲನೆ ಕೇಳಿದ: "ಹರಕೆ ತೀರಿಸೋಕೆ ಜೊತೆಗೆ ನಾನೂ ಬರಬಹುದಾ?"

ಅವಳು ಉತ್ತರವಾಗಿ ಫೋನು ತೆಗೆದಳು.

"ಮೇಡಂ, ನಂದು ತಪ್ಪಾಗಿತ್ತು. ಆ ಒಂಟಿ ಗಂಡನ್ನ ಲೆಕ್ಕದಿಂದ ತೆಗೆದುಬಿಡಿ."

"ಯಾಕೆ, ಬಿಟ್ಟುಹೋಯ್ತಾ?" ಗಗನಾಳ ದನಿಯಲ್ಲಿ ಗಾಬರಿಯಿತ್ತು.

"ಇಲ್ಲ ಮೇಡಂ, ಇಲ್ಲೇ ಇದೆ. ಒಂಟಿಯಾಗಿಲ್ಲ, ಅಷ್ಟೇ. ಕೊಪ್ಪಳಕ್ಕೆ ಬೇರೆ ಯಾರನ್ನಾದ್ರೂ ನೋಡಿ."

ಆಚೆಯಿಂದ ಗಗನಾ ನಕ್ಕ ಸದ್ದು ಪ್ರಭುದೇವನಿಗೂ ಕೇಳಿಸಿತು.

ಬೆಟ್ಟದ ಕಡೆಯಿಂದ ಆಗ ಹಿಂಡು ಊಳಿಡತೊಡಗಿತು. ಅವ್ವ ಕಾದು ಉಳಿಸಿದ ಮರಿಗಳು ಬೆಳೆದು ಇನ್ನೂ ಪಕ್ವವಾಗದ ಕೊರಳುಗಳಿಂದ ಹಿರಿಯರ ಜೊತೆ ಸೇರಿಕೊಂಡಿದ್ದವು. ದನಿಗಳು ಒಂದರ ಮೇಲೊಂದು ಎದ್ದು ತುಂಬಿದ ಕೆರೆಯ ಮೇಲೆ ಹರಡಿದವು... ಎಷ್ಟು ಕೊರಳುಗಳೆಂದು ಅಂದು ಇಬ್ಬರೂ ಎಣಿಸಲಿಲ್ಲ.

ಗಡಿಗಾಗಿ ಕಾದಾಡುವುದರಲ್ಲಿ ಮನುಷ್ಯನೂ ಮೃಗವೂ ಒಂದೇ. ಹಲ್ಲು ಉಗುರುಗಳ ಬದಲು ನಮಗೆ ಮಾತಿದೆ, ಮಾತಿಗಿಂತ ಹರಿತವಾದ ಮೌನವಿದೆ. ಆದರೆ ಸೋತೆನೆಂದು ಹೇಳಲು ಹಳ್ಳ ದಾಟಿ ಬಂದವರನ್ನು ಎದೆ ತೆರೆದು ಬರಮಾಡಿಕೊಳ್ಳುವ ಭಾಗ್ಯ ತೋಳಗಳಿಗಿಲ್ಲ. ಅದು ನಮಗಿದೆ. ಇದ್ದೂ ನಾವು ಎಷ್ಟೋ ಸಂಜೆಗಳನ್ನು ಈಚೆ ದಡದಲ್ಲೇ ನಿಂತು ಕಳೆಯುತ್ತೇವೆ.