ತಲೆಗೆ ಬಿದ್ದ ಪೆಟ್ಟು

ಸಿಂಧನೂರಿಗೆ ಮೊದಲ ರೈಲು ಬಂದ ದಿನ ಊರಿಗೆ ಊರೇ ಸ್ಟೇಷನ್ನಿಗೆ ಓಡಿತ್ತು. ದುರುಗೇಶನೂ ಹೆಂಡತಿ ರೇಣುಕಮ್ಮನನ್ನು ಕರೆದುಕೊಂಡು ಹೋಗಿ, ಜನರ ನೂಕುನುಗ್ಗಲಿನಲ್ಲಿ ನಿಂತು ಎಂಜಿನ್ನಿಗೆ ಕೈಮುಗಿದು ಬಂದಿದ್ದ.

ಅವನು ವೀರೇಂದ್ರ ಸಾವಕಾರನ ಹಿಂಡಿ ಅಂಗಡಿಯಲ್ಲಿ ಹಮಾಲ. ಅಂಗಡಿಯ ಮುಂದೆ ನಿಂಬೆ, ಕರಿಬೇವು, ದಾಸವಾಳದ ಸಸಿಗಳು. ಒಳಗೆ ದನದ ಹಿಂಡಿ, ಬೂಸಾ, ತರಕಾರಿ ಬೀಜ. ಗೋದಾಮು ಮಾತ್ರ ಹಳಿಯ ಆಚೆ ಇತ್ತು. ಅಂಗಡಿಯ ಕಡೆ ಹಳಿಯುದ್ದಕ್ಕೂ ತಂತಿಬೇಲಿ ಬಿದ್ದ ಮೇಲೆ ಒಂದು ಚೀಲ ತರಬೇಕೆಂದರೂ ರೈಲ್ವೆ ಗೇಟಿನ ತನಕ ಸುತ್ತಬೇಕಾಯಿತು. ವೀರೇಂದ್ರ ಕೆಲವು ದಿನ ತಾಳಿದ. ಆಮೇಲೆ ತಾನೇ ನಿಂತು ತಂತಿ ಕತ್ತರಿಸಿ, ಚೀಲ ಹೊತ್ತವನು ನುಗ್ಗುವಷ್ಟು ಕಿಂಡಿ ಮಾಡಿದ. ಅಕ್ಕಪಕ್ಕದ ಅಂಗಡಿಯವರಿಗೂ ಅದೇ ದಾರಿಯಾಯಿತು.

ಹಳಿ ನೋಡಿಕೊಳ್ಳುವ ಲಾಲ್‌ಸಾಬ್ ಒಂದು ದಿನ ಅಂಗಡಿಗೇ ಬಂದ.

"ಸಾವ್ಕಾರ್ರ, ಅದನ್ನ ಮುಚ್ಚಿಸ್ರಿ. ಬೆನ್ನ ಮ್ಯಾಲೆ ಚೀಲ ಇದ್ದಾಂವಗ ಎಡಬಲ ಕಾಣಂಗಿಲ್ಲ."

"ಮುಂಜಾನೆ ಒಂದು ಗಾಡಿ, ಸಂಜಿಗೊಂದು ಗಾಡಿ. ನಡುವ ಏನು ನಿಮ್ಮ ಮಾವ ಬರ್ತಾನೇನು?" ಎಂದ ವೀರೇಂದ್ರ. ಕೂತಿದ್ದವರೆಲ್ಲ ನಕ್ಕರು. ದುರುಗೇಶನೂ ನಕ್ಕ.

ನಡುವೆ ಬಂದದ್ದು ಒಂದು ಬರೀ ಎಂಜಿನ್ನು. ಡಬ್ಬಿಯಿಲ್ಲ, ಜನವಿಲ್ಲ, ಅದಕ್ಕೆ ಹೊತ್ತೂ ಗೊತ್ತೂ ಇರಲಿಲ್ಲ. ಅಂಗಡಿಯ ಮುಂದೆ ಮುಕ್ಕುಂದದ ರೈತನೊಬ್ಬನ ಟ್ರ್ಯಾಕ್ಟರ್ ನಿಂತು ಅವಸರ ಮಾಡುತ್ತಿತ್ತು. ದುರುಗೇಶ ಹಿಂಡಿ ಚೀಲ ಹೊತ್ತು, ಬಗ್ಗಿ, ತನ್ನ ಹೆಬ್ಬೆರಳನ್ನಷ್ಟೇ ನೋಡುತ್ತ ಜಲ್ಲಿಕಲ್ಲು ಹತ್ತಿದ. ಕಾಲು ಜಾರಿತು. ಚೀಲ ಹಳಿಯ ಮೇಲೆ ಅಡ್ಡ ಬಿತ್ತು. ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಅವನು ಥಟ್ಟನೆ ಆಚೆ ಜಿಗಿದ, ಬದುಕಿದ.

"ಲೇ ದುರುಗ್ಯಾ, ಚೀಲ! ಚೀಲ ಎಳಿಯಲೇ!" ವೀರೇಂದ್ರ ಬೇಲಿಯ ಬಳಿಯಿಂದ ಕೂಗಿದ.

ವರ್ಷಗಟ್ಟಲೆ ಆ ದನಿ ಹೇಳಿದ್ದನ್ನು ಮಾಡಿದ ಮೈ ಅದು. ತಾನಾಗಿಯೇ ಹಳಿಯತ್ತ ತಿರುಗಿತು.

ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಹಿಂಡಿ ಹಳಿಯುದ್ದಕ್ಕೂ ಚೆಲ್ಲಿತು. ಜನ ಓಡಿ ಬಂದರು, ಯಾರೋ ಟವೆಲ್ ಬಿಗಿದರು, ಯಾರೋ ನೀರು ತಂದರು. ಆಂಬುಲೆನ್ಸ್ ಬರುವ ತನಕ ದುರುಗೇಶನಿಗೆ ಎಚ್ಚರವಿತ್ತು. ಮಲಗಿದಲ್ಲಿಂದಲೇ ಅವನು ನೋಡಿದ: ವೀರೇಂದ್ರ ಮೊಣಕಾಲೂರಿ ಕುಳಿತು, ಕತ್ತರಿಸಿದ ತಂತಿಯ ತುದಿಗಳನ್ನು ಒಂದಕ್ಕೊಂದು ಹೆಣೆಯುತ್ತಿದ್ದ. ಅವಸರದಲ್ಲಿ ಬೆರಳಿಗೆ ಚುಚ್ಚಿಕೊಂಡು, ಬೆರಳು ಬಾಯಲ್ಲಿಟ್ಟು ಚೀಪಿ, ಮತ್ತೆ ಹೆಣೆದ.

ಪೊಲೀಸರು ಬಂದಾಗ ಕಿಂಡಿಯಿರಲಿಲ್ಲ. ದುರುಗೇಶ ಬೇಲಿ ಹಾರಿದ, ಕಿವಿಯಲ್ಲಿ ಹೆಡ್‌ಫೋನ್ ಇತ್ತು ಎಂದು ವೀರೇಂದ್ರ ಹೇಳಿದ. ಅಂಗಡಿಯವರೆಲ್ಲ ಹೌದೆಂದರು.

ದುರುಗೇಶ ಊರುಗೋಲು ಹಿಡಿದು ಮನೆಗೆ ಬರುವಷ್ಟರಲ್ಲಿ ರೇಣುಕಮ್ಮ ಅದೇ ಅಂಗಡಿಯಲ್ಲಿ ಸಸಿಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿದ್ದಳು. ವೀರೇಂದ್ರ ಮನೆಗೆ ಬಂದು, ಮಂಚದ ಮೇಲೆ ಕೂತು, ಅವನ ತೋಳು ತಟ್ಟಿದ.

"ರೈಲ್ವೆದವರು ನಮ್ಮ ಅಂಗಡಿ ಮುಂದ ಸುರಕ್ಷತಾ ಕಾರ್ಯಕ್ರಮ ಮಾಡಾಕತ್ತಾರ. ಶಾಮಿಯಾನ ನಂದು, ಊಟ ನಂದು. ನೀ ಸ್ಟೇಜಿನ ಮ್ಯಾಲೆ ಬಂದು ಒಂದೆರಡು ಮಾತು ಹೇಳು. ಕಿವ್ಯಾಗ ಹೆಡ್‌ಫೋನ್ ಹಾಕ್ಕೊಂಡು ಹಳಿ ದಾಟಿದೆ, ತಪ್ಪು ನಂದ, ನೀವ್ಯಾರೂ ಹಿಂಗ ಮಾಡಬ್ಯಾಡ್ರಿ ಅಂತ. ನಾಲ್ಕು ಮಂದಿ ಜೀವ ಉಳಿತಾವ."

"ನನ್ನ ಹತ್ರ ಹೆಡ್‌ಫೋನ್ ಎಲ್ಲಿತ್ರಿ ಸಾವ್ಕಾರ್ರ?"

"ಅದನ್ನ ಯಾರು ಕೇಳ್ತಾರಲೇ?"

ಕಾರ್ಯಕ್ರಮದ ದಿನ ಅವನಿಗೆ ಹೊಸ ಅಂಗಿ ತೊಡಿಸಿ, ಅಧಿಕಾರಿಗಳ ಪಕ್ಕದಲ್ಲಿ ಕೂರಿಸಿ, ಖಾಲಿ ಪ್ಯಾಂಟಿನ ಕಾಲನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆ ಮಡಚಿದರು. ಮೈಕು ಕೈಗೆ ಬಂತು. ಕಲಿಸಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದುರಿನ ಸಾಲಿನಲ್ಲಿ ವೀರೇಂದ್ರ ಹಲ್ಲುಕಿರಿದು 'ಹೇಳು' ಎಂದು ಗದ್ದ ಎತ್ತಿದ್ದು ಕಂಡು, ಅವನಿಗೆ ಬೆರಳು ಚೀಪುತ್ತಿದ್ದ ಬಾಯಿ ನೆನಪಾಯಿತು.

"ಬೇಲಿ ಕತ್ತರಿಸಿದವರು ಸಾವ್ಕಾರ್ರು," ಎಂದ. "ಚೀಲ ಎಳಿ ಅಂದವರೂ ಅವರ. ನಾ ಬಿದ್ದು ಒದ್ದಾಡಾಕತ್ತಾಗ ಅವರು ತಂತಿ ಕಟ್ಟಾಕತ್ತಿದ್ರು."

ಅಧಿಕಾರಿ ಎದ್ದು ನಿಂತರು. "ಇದನ್ನ ಕಂಡವರು ಯಾರಾದರೂ ಇದ್ದೀರಾ?"

ಅಂಗಡಿಯವರೆಲ್ಲ ನೆಲ ನೋಡಿದರು. ಹಿಂದೆ ನಿಂತಿದ್ದ ಲಾಲ್‌ಸಾಬ್ ಬಾಯಿ ತೆರೆದ. "ಕಿಂಡಿ ಇತ್ರಿ," ಎಂದ. "ಕತ್ತರಿಸಿದ್ದು ಯಾರಂತ ನಾ ನೋಡಿಲ್ರಿ."

ವೀರೇಂದ್ರ ಸಿಟ್ಟಾಗಲಿಲ್ಲ. ವೇದಿಕೆ ಹತ್ತಿ ದುರುಗೇಶನ ಹೆಗಲ ಮೇಲೆ ಕೈಯಿಟ್ಟ. "ಪಾಪ," ಎಂದ, "ಅವತ್ತು ಪೆಟ್ಟು ತಲೀಗೂ ಬಿದ್ದೈತ್ರಿ. ನಾವು ಹೇಳಿದ್ರ ನೀವು ನಂಬಂಗಿಲ್ಲ. ಅಲ್ಲಿ ಅವನ ಹೇಣ್ತಿ ಅದಾಳ, ಆಕಿನ್ನ ಕೇಳ್ರಿ. ರೇಣುಕಮ್ಮ, ಹೇಳವ್ವ ಇದ್ದದ್ದು."

ಹೆಂಗಸರ ನಡುವಿನಿಂದ ರೇಣುಕಮ್ಮ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡನನ್ನು ನೋಡಲಿಲ್ಲ.

"ಹೌದ್ರಿ. ತಲೀಗೆ ಬಿದ್ದೈತ್ರಿ. ಮನ್ಯಾಗೂ ಹಿಂಗ ಏನೇನೋ ಮಾತಾಡ್ತಾರ್ರಿ."

ಅಯ್ಯೋ ಎಂಬ ಮರುಕದ ದನಿ ಶಾಮಿಯಾನದ ಈ ತುದಿಯಿಂದ ಆ ತುದಿಗೆ ಹೋಯಿತು. ಅಧಿಕಾರಿ ನಿಟ್ಟುಸಿರುಬಿಟ್ಟು ಕೂತರು. ಇಂಥವನ ಹೆಂಡತಿಗೆ ಕೆಲಸ ಕೊಟ್ಟ ದೊಡ್ಡ ಮನಸ್ಸಿಗೆ ಎಂದು ವೀರೇಂದ್ರನಿಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಮೇಲೆ ರೇಣುಕಮ್ಮ ಒಲೆ ಹಚ್ಚಿ ರೊಟ್ಟಿ ಬಡಿದಳು. ದುರುಗೇಶ ಗೋಡೆಗೆ ಒರಗಿ ಕೂತ.

"ನನಗ ತಲಿ ಕೆಟ್ಟೈತೇನ?" ಎಂದು ಕೇಳಿದ.

"ಇಲ್ಲ."

"ಮತ್ಯಾಕ ಅಂದಿ?"

ಅವಳು ರೊಟ್ಟಿ ತಿರುವಿ ಹಾಕಿದಳು. "ನೀ ಖರೇ ಹೇಳಿದ್ರ ನಿನ್ನ ಕಾಲು ಬರ್ತಿತ್ತೇನು? ನಾ ಖರೇ ಹೇಳಿದ್ರ ನನ್ನ ಕೆಲಸ ಹೋಗ್ತಿತ್ತು." ತಟ್ಟೆಯನ್ನು ಅವನ ಮುಂದೆ ಸರಿಸಿ ಮಾತು ಮುಂದುವರಿಸಿದಳು. "ಮುಂದಿನ ವಾರ ಕಾರಟಗಿ ಕಡೆ ಒಂದು ಸಾಲ್ಯಾಗ ಇಂಥದ ಕಾರ್ಯಕ್ರಮ ಇಟ್ಟಾರಂತ. ನಿನ್ನ ಕರಕೊಂಡು ಬಾ ಅಂದಾರ ಸಾವ್ಕಾರ್ರು. ಮಾತಾಡೂದು ಬ್ಯಾಡಂತ. ಕಾಲು ಕಾಣಂಗ ಕುಂತ್ರ ಸಾಕಂತ."

ಅವನು ಊಟ ಮಾಡಲಿಲ್ಲ. ಮರುದಿನ ಮಾಡಿದ. ಮುಂದಿನ ವಾರ ಹೋದ.

ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ವೀರೇಂದ್ರ ಮೈಕು ಹಿಡಿದು ಹೆಡ್‌ಫೋನಿನ ಕತೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ. ಎಂಜಿನ್ನಿನ ಸದ್ದನ್ನೂ ಮಾಡಿ ತೋರಿಸಿದ. ಕೊನೆಗೆ ಪ್ರಶ್ನೆ ಕೇಳಿರಿ ಎಂದಾಗ, ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನೇರ ದುರುಗೇಶನನ್ನೇ ಕೇಳಿದಳು.

"ಮಾಮಾ, ಅವತ್ತು ಯಾವ ಹಾಡು ಕೇಳಾಕತ್ತಿದ್ರಿ?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ವೀರೇಂದ್ರನೂ ನಗುತ್ತಲೇ ಅವನತ್ತ ತಿರುಗಿದ. ಮೂಲೆಯಲ್ಲಿ ನಿಂತಿದ್ದ ರೇಣುಕಮ್ಮನ ಕೈ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿಯಿತು.

"ನೆನಪಿಲ್ಲವ್ವ," ಎಂದ ದುರುಗೇಶ. ಹುಡುಗಿ ಇನ್ನೂ ನಿಂತೇ ಇದ್ದಳು. "ಚಲೋ ಹಾಡು ಇತ್ತು."